ಬೊಜ್ಜಿನ ಶಸ್ತ್ರಚಿಕಿತ್ಸೆಯ ಬಳಿಕ ಮುದ್ದೆ, ರೊಟ್ಟಿ, ಕಾಫಿ: ಊಟದ ಕ್ರಮ ಏಕೆ ತಲೆಕೆಳಗಾಗಬೇಕು

ಬೊಜ್ಜು ಕರಗಿಸುವ ಶಸ್ತ್ರಚಿಕಿತ್ಸೆಗೆಂದು ಹಾಸನದಿಂದ ಬೆಂಗಳೂರಿಗೋ, ಚಿಕ್ಕಮಗಳೂರಿನಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೋ ಹೋಗಿ ಬಂದವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಮುದ್ರಿತ ಆಹಾರ ಪಟ್ಟಿ ಇರುತ್ತದೆ. ಅದರಲ್ಲಿ ಓಟ್ಸ್, ಸೂಪು, ಪನೀರ್, ಬ್ರೊಕೊಲಿ ಕಾಣಿಸುತ್ತವೆಯೇ ಹೊರತು ಮುದ್ದೆ, ಅಕ್ಕಿ ರೊಟ್ಟಿ, ಕಡುಬು, ಹುರುಳಿಕಾಳಿನ ಬಸ್ಸಾರು ಕಾಣಿಸುವುದು ಅಪರೂಪ. ಪಟ್ಟಿಯಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ಮನೆಯ ಅಡುಗೆಗೂ ಅದಕ್ಕೂ ಸಂಬಂಧವೇ ಇಲ್ಲದಿದ್ದಾಗ ಎರಡು ತಿಂಗಳಲ್ಲಿ ಅದು ಗೋಡೆಯ ಕ್ಯಾಲೆಂಡರಿನ ಹಿಂದೆ ಸೇರಿಬಿಡುತ್ತದೆ. ಅದರ ಹಿಂದಿನ ಕಾರಣಗಳು ತಿಳಿದರೆ ಹಾಸನದ ಬಯಲುಸೀಮೆಯ ಅಡುಗೆಯನ್ನೂ ಮೂಡಿಗೆರೆ, ಕೊಪ್ಪದ ಕಡೆಯ ಮಲೆನಾಡಿನ ಅಡುಗೆಯನ್ನೂ ಅದಕ್ಕೆ ಹೊಂದಿಸಿಕೊಳ್ಳುವುದು ಕಷ್ಟವಲ್ಲ. ಹೆಚ್ಚಾಗಿ ಬದಲಾಗಬೇಕಾದದ್ದು ಊಟದ ಕ್ರಮ ಮತ್ತು ವೇಗ; ಪದಾರ್ಥಗಳ ಬದಲಾವಣೆ ಅದರ ನಂತರದ ಮಾತು.

ಇಂದು ಹೆಚ್ಚು ನಡೆಯುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ ಮತ್ತು ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಎರಡು ವಿಧಾನಗಳು. ಸ್ಲೀವ್‌ನಲ್ಲಿ ಜಠರದ ಶೇಕಡಾ 75ರಿಂದ 80ರಷ್ಟು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಕಿರಿದಾದ ಕೊಳವೆಯಂತಹ ಭಾಗವನ್ನು ಮಾತ್ರ ಉಳಿಸುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ಬೇರ್ಪಡಿಸಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ; ಉಳಿದ ಜಠರವೂ ಸಣ್ಣ ಕರುಳಿನ ಮೊದಲ ಭಾಗವೂ ದೇಹದಲ್ಲೇ ಇರುತ್ತವೆ, ಆದರೆ ಆಹಾರ ಆ ದಾರಿಯಲ್ಲಿ ಹಾದುಹೋಗುವುದಿಲ್ಲ. ಜಾಗ ಕಡಿಮೆಯಾಗುವುದರಿಂದ ಮಾತ್ರ ತೂಕ ಇಳಿಯುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಅರ್ಧ ಸತ್ಯ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಬಹುಪಾಲು ತಯಾರಾಗುವುದು ಜಠರದ ಮೇಲ್ಭಾಗದಲ್ಲಿ; ಜಪಾನಿನ ವಿಜ್ಞಾನಿಗಳು ಇದನ್ನು 1999ರಲ್ಲಿ ಗುರುತಿಸಿದರು. ಸ್ಲೀವ್‌ನಲ್ಲಿ ಆ ಭಾಗವೇ ಹೊರಟುಹೋಗುತ್ತದೆ. ಎರಡೂ ವಿಧಾನಗಳಲ್ಲಿ ಆಹಾರ ಬೇಗ ಕರುಳಿಗೆ ತಲುಪುವುದರಿಂದ ಹೊಟ್ಟೆ ತುಂಬಿದ ಸೂಚನೆ ಕೊಡುವ ಜಿಎಲ್‌ಪಿ-1ರಂತಹ ಹಾರ್ಮೋನುಗಳು ಹೆಚ್ಚುತ್ತವೆ. ತೂಕ ಇನ್ನೂ ಅಷ್ಟಾಗಿ ಇಳಿಯದ ಮೊದಲ ವಾರದಲ್ಲೇ ಕೆಲವರ ಸಕ್ಕರೆ ಮಟ್ಟ ಕುಸಿಯುವುದಕ್ಕೂ ಈ ಬದಲಾವಣೆಗಳಿಗೂ ಸಂಬಂಧವಿದೆ. ಹಾಗಾಗಿ ಮನೆಗೆ ಬಂದ ಮೇಲೆ ಹಳೆಯ ಚೀಟಿಯನ್ನೇ ನೋಡಿಕೊಂಡು ಇನ್ಸುಲಿನ್ನನ್ನೂ ಸಕ್ಕರೆ ಮಾತ್ರೆಗಳನ್ನೂ ಮುಂದುವರಿಸುವುದು ಅಪಾಯಕಾರಿ. ಹೊಸ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಂಡೇ ಬರಬೇಕು. ರಕ್ತದೊತ್ತಡದ ಮಾತ್ರೆಗಳಿಗೂ ಇದೇ ಮಾತು.

ಯಾರಿಗೆ ಈ ಚಿಕಿತ್ಸೆ ಎಂಬುದನ್ನು ಬಿಎಂಐ, ಅಂದರೆ ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿ ಬರುವ ಸಂಖ್ಯೆ, ಒಂದು ಮಟ್ಟಿಗೆ ಹೇಳುತ್ತದೆ. ಅಮೆರಿಕದ ಬೇರಿಯಾಟ್ರಿಕ್, ಅಂದರೆ ಬೊಜ್ಜಿನ ಶಸ್ತ್ರಚಿಕಿತ್ಸೆಯ, ತಜ್ಞರ ಸಂಘವೂ ಅಂತರರಾಷ್ಟ್ರೀಯ ಒಕ್ಕೂಟವೂ 2022ರಲ್ಲಿ ಹೊರಡಿಸಿದ ಜಂಟಿ ಮಾರ್ಗಸೂಚಿಯು 35ರ ಮೇಲಿರುವವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಶಸ್ತ್ರಚಿಕಿತ್ಸೆಯನ್ನು ಶಿಫಾರಸು ಮಾಡುತ್ತದೆ. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಮಧುಮೇಹದಂತಹ ತೊಂದರೆಗಳು ಬರುವುದರಿಂದ 27.5ರಿಂದಲೇ ಅದನ್ನು ಪರಿಗಣಿಸಬಹುದು ಎನ್ನುತ್ತದೆ. 160 ಸೆಂಟಿಮೀಟರ್ ಎತ್ತರದವರಿಗೆ ಆ 27.5 ಎಂದರೆ ಸುಮಾರು 70 ಕಿಲೋ. ಎಪ್ಪತ್ತು ಕಿಲೋ ಇರುವವರೆಲ್ಲ ಆಪರೇಷನ್ನಿಗೆ ಸಾಲು ನಿಲ್ಲಬೇಕೆಂದು ಇದರ ಅರ್ಥವಲ್ಲ.

ಶಸ್ತ್ರಚಿಕಿತ್ಸೆಗೆ ಮುಂಚಿನ ಎರಡು ವಾರಗಳ ಕಟ್ಟುನಿಟ್ಟಾದ ಪಥ್ಯವನ್ನು ಶಿಕ್ಷೆಯೆಂದು ತಿಳಿಯುವವರಿದ್ದಾರೆ, ಆದರೆ ಅದಕ್ಕೊಂದು ಕಾರಣವಿದೆ. ಯಕೃತ್ತಿನ ಎಡಭಾಗವು ಜಠರದ ಮೇಲೆಯೇ ಚಾಚಿಕೊಂಡಿರುತ್ತದೆ. ಬೊಜ್ಜಿರುವವರಲ್ಲಿ ಅದು ಕೊಬ್ಬು ತುಂಬಿ ದಪ್ಪವಾಗಿರುವುದರಿಂದ ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ, ಅದನ್ನು ಎತ್ತಿ ಹಿಡಿದು ಕೆಲಸ ಮಾಡುವುದು ಕಷ್ಟವಾಗುತ್ತದೆ. ದಿನಕ್ಕೆ ಸುಮಾರು 800ರಿಂದ 1,200 ಕ್ಯಾಲೊರಿಯೊಳಗೆ, ಅನ್ನ, ಮುದ್ದೆ, ಸಕ್ಕರೆಗಳನ್ನು ಬಹಳ ತಗ್ಗಿಸಿ ಪ್ರೋಟೀನ್ ಹೆಚ್ಚಿಸಿದರೆ ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನೂ ಅದರೊಂದಿಗಿನ ನೀರೂ ಒಂದಿಷ್ಟು ಕೊಬ್ಬೂ ಕರಗಿ ಅದು ಕುಗ್ಗುತ್ತದೆ. ‘ಇನ್ನು ಮೇಲೆ ತಿನ್ನಲಾಗುವುದಿಲ್ಲವಲ್ಲ’ ಎಂದು ಹಿಂದಿನ ವಾರ ಬಾಡೂಟ ಏರ್ಪಡಿಸುವ ನೆಂಟರು ಶಸ್ತ್ರವೈದ್ಯರ ಕೆಲಸವನ್ನೇ ಕೆಡಿಸುತ್ತಾರೆ. ಸಕ್ಕರೆ ಕಾಯಿಲೆಯವರು ಈ ಪಥ್ಯವನ್ನು ಮಾತ್ರೆಗಳ ಪ್ರಮಾಣ ತಗ್ಗಿಸದೆ ಆರಂಭಿಸಬಾರದು. ಬೀಡಿ, ಸಿಗರೇಟು ಪೂರ್ತಿ ನಿಲ್ಲಬೇಕು.

ನಮ್ಮ ಜಿಲ್ಲೆಗಳವರಿಗೆ ಮಾತ್ರ ಸಂಬಂಧಿಸಿದ ಒಂದು ಮಾತು: ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚುವುದು ಹೊಸದೇನಲ್ಲ. ಮೊದಲ ವಾರಗಳಲ್ಲಿ ಹೊಲಿಗೆ ಹಾಕಿದ ಜಾಗದಲ್ಲಿ ಸೋರಿಕೆಯಾಗುವ ಸಾಧ್ಯತೆ ಕಡಿಮೆಯಾದರೂ ಇದ್ದೇ ಇರುತ್ತದೆ. ಜ್ವರ, ತೀವ್ರ ಹೊಟ್ಟೆನೋವು, ಉಸಿರಾಟದ ಕಷ್ಟ, ಕುಳಿತಲ್ಲೇ ನಿಮಿಷಕ್ಕೆ 120 ದಾಟುವ ನಾಡಿಬಡಿತ ಇವುಗಳಲ್ಲಿ ಯಾವುದಾದರೂ ಕಂಡರೆ ತಡಮಾಡದೆ ಆಸ್ಪತ್ರೆಗೆ ಮರಳಬೇಕಾಗುತ್ತದೆ. ಮಂಗಳೂರಿನಲ್ಲಿ ಮಾಡಿಸುವವರು ಜುಲೈ, ಆಗಸ್ಟ್ ತಿಂಗಳುಗಳನ್ನು ಬಿಟ್ಟು ದಿನ ಗೊತ್ತುಮಾಡಿಕೊಳ್ಳುವುದು ಜಾಣತನ.

ತಿಳಿಯಿಂದ ಗಟ್ಟಿಗೆ

ಮೊದಲ ಒಂದೆರಡು ದಿನ ನೀರು, ಸೋಸಿದ ತಿಳಿ ಸಾರು, ಸಕ್ಕರೆಯಿಲ್ಲದ ದ್ರವಗಳು. ಆಮೇಲೆ ಸುಮಾರು ಎರಡನೇ ವಾರದ ಕೊನೆಯವರೆಗೆ ಕೆನೆ ತೆಗೆದ ಹಾಲು, ಮಜ್ಜಿಗೆ, ಪ್ರೋಟೀನ್ ಪುಡಿ ಬೆರೆಸಿದ ಪಾನೀಯ. ಮೂರು ಮತ್ತು ನಾಲ್ಕನೇ ವಾರಗಳಲ್ಲಿ ನುಣ್ಣಗೆ ರುಬ್ಬಿದ ಆಹಾರ. ಆರನೇ ವಾರದ ತನಕ ಮೆತ್ತನೆಯದು. ಬಳಿಕ ನಿಧಾನವಾಗಿ ಎಂದಿನ ಊಟ. ಆಸ್ಪತ್ರೆಯಿಂದ ಆಸ್ಪತ್ರೆಗೆ ದಿನಗಳ ಲೆಕ್ಕ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ನಿಮ್ಮ ಶಸ್ತ್ರವೈದ್ಯರು ಹೇಳಿದ್ದೇ ಅಂತಿಮ. ರುಬ್ಬಿದ ಆಹಾರದ ಹಂತಕ್ಕೆ ನಮ್ಮ ಅಡುಗೆಮನೆಯಲ್ಲಿ ಒಳ್ಳೆಯ ಪದಾರ್ಥಗಳಿವೆ. ಚಳಿಗಾಲದಲ್ಲಾದರೆ ಹಾಸನದ ಸಂತೆಯಲ್ಲಿ ಸಿಗುವ ಸೊನೆ ಅವರೆಯ ಸಿಪ್ಪೆ ತೆಗೆದು, ಹಿದುಕಿದ ಬೇಳೆಯನ್ನು ಚೆನ್ನಾಗಿ ಬೇಯಿಸಿ ಖಾರವಿಲ್ಲದೆ ರುಬ್ಬಬಹುದು. ಹೆಸರುಬೇಳೆಯ ಗಟ್ಟಿ ತೊವ್ವೆ, ಮೊಸರಿನಲ್ಲಿ ಕಿವುಚಿದ ಮೊಟ್ಟೆ, ಮುಳ್ಳು ತೆಗೆದು ಬೇಯಿಸಿ ಮಸೆದ ಮೀನು ಇವೆಲ್ಲ ಈ ಹಂತಕ್ಕೆ ಒಗ್ಗುತ್ತವೆ. ರಾಗಿ ಗಂಜಿ ಕುಡಿಯಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಹಾಲಿನಲ್ಲಿ ತೆಳುವಾಗಿ ಕಾಯಿಸಿ, ಕೆನೆ ತೆಗೆದ ಹಾಲಿನ ಪುಡಿ ಬೆರೆಸಿದರೆ ಕುಡಿಯಬಹುದು. ನೀರು, ಬೆಲ್ಲ ಹಾಕಿದ ಗಂಜಿಯಿಂದ ಪ್ರಯೋಜನ ಕಡಿಮೆ.

ತಜ್ಞರು ಸಾಮಾನ್ಯವಾಗಿ ಹೇಳುವ ಪ್ರೋಟೀನ್ ಗುರಿ ದಿನಕ್ಕೆ 60ರಿಂದ 80 ಗ್ರಾಂ. ದೇಹಕ್ಕೆ ಅದು ಸಾಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ, ಮೂರನೇ ತಿಂಗಳಿನಿಂದ ಆರನೆಯದರ ನಡುವೆ ಅನೇಕರಿಗೆ ಆಗುವ ಕೂದಲುದುರುವಿಕೆ ಇನ್ನಷ್ಟು ಹೆಚ್ಚುತ್ತದೆ. ಇಲ್ಲಿ ನಮ್ಮ ಒಂದು ನಂಬಿಕೆಯನ್ನು ಪರೀಕ್ಷಿಸಬೇಕಾಗುತ್ತದೆ. ಹುರುಳಿ ಕಟ್ಟು, ಕಾಲು ಸೂಪು, ನಾಟಿಕೋಳಿಯ ರಸ ಇವುಗಳಲ್ಲೇ ಶಕ್ತಿಯೆಲ್ಲ ಇಳಿದಿರುತ್ತದೆ ಎಂದು ಬಾಣಂತಿಗೂ ಕಾಯಿಲೆಯವರಿಗೂ ಕುಡಿಸುವುದು ರೂಢಿ. ಆದರೆ ಬಸಿದ ಕಟ್ಟಿನಲ್ಲಿ ಪ್ರೋಟೀನ್ ಹೋಗುವುದು ಅತ್ಯಲ್ಪ. ಅದು ಉಳಿದಿರುವುದು ಪಲ್ಯಕ್ಕೆಂದು ತೆಗೆದಿಟ್ಟ ಕಾಳಿನಲ್ಲಿ. ಮೂಳೆ ಸೂಪಿನಲ್ಲಿರುವುದು ಹೆಚ್ಚಾಗಿ ಜೆಲಟಿನ್. ಅಗತ್ಯವಾದ ಅಮೈನೋ ಆಮ್ಲಗಳೆಲ್ಲ ಅದರಲ್ಲಿಲ್ಲ. ಹಾಗಾಗಿ ಬಸ್ಸಾರಿನ ಮನೆಯಲ್ಲಿ ಶಸ್ತ್ರಚಿಕಿತ್ಸೆಯಾದವರಿಗೆ ಬಡಿಸಬೇಕಾದದ್ದು ಕಾಳು, ಕಟ್ಟಲ್ಲ. ಕೋಳಿ ಸಾರಿನ ಮನೆಯಲ್ಲಿ ತುಂಡು, ರಸವಲ್ಲ.

ಲೆಕ್ಕ ಹಾಕಿ ನೋಡೋಣ. ಎರಡು ಮೊಟ್ಟೆಯಿಂದ ಸುಮಾರು 12 ಗ್ರಾಂ, ಹಾಲು ಮೊಸರು ಸೇರಿ ಅರ್ಧ ಲೀಟರಿನಿಂದ 16, ಬೇಯಿಸಿದ ಮೀನೋ ಕೋಳಿಯೋ 100 ಗ್ರಾಂ ತಿಂದರೆ 20ರಿಂದ 25, ಒಣ ತೂಕದಲ್ಲಿ 30 ಗ್ರಾಂ ಹುರುಳಿ ಅಥವಾ ಕಡಲೆಯಿಂದ 6ರಷ್ಟು. ಅಲ್ಲಿಗೆ ಹತ್ತಿರ ಹತ್ತಿರ 60 ಆಯಿತು. ಆದರೆ ಇಷ್ಟನ್ನು ಮೂರು ಹೊತ್ತಿನಲ್ಲಿ ತಿನ್ನಲು ಮೊದಲ ತಿಂಗಳುಗಳಲ್ಲಿ ಸಾಧ್ಯವಾಗುವುದಿಲ್ಲ, ಐದಾರು ಹೊತ್ತಿಗೆ ಹಂಚಬೇಕು. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳಿಗೆ ಪ್ರೋಟೀನ್ ಪುಡಿಯ ನೆರವಿಲ್ಲದೆ ಆರಂಭದಲ್ಲಿ ಗುರಿ ಮುಟ್ಟುವುದು ಬಹಳ ಕಷ್ಟ. ರಾಗಿ ಹಿಟ್ಟಿನಲ್ಲಿ ನೂರು ಗ್ರಾಂಗೆ ಸುಮಾರು 7 ಗ್ರಾಂ ಪ್ರೋಟೀನ್ ಮಾತ್ರ. ಮುದ್ದೆಯಿಂದಲೇ 60 ಗ್ರಾಂ ಪಡೆಯಬೇಕಾದರೆ 800 ಗ್ರಾಂಗೂ ಹೆಚ್ಚು ಹಿಟ್ಟು ಬೇಕು.

ನುಂಗುವ ಊಟ, ಅಗಿಯುವ ಊಟ

ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದು ಹಾಸನ, ಅರಸೀಕೆರೆ, ಕಡೂರಿನ ಕಡೆ ಮಕ್ಕಳಿಗೆ ಕಲಿಸುವ ಮೊದಲ ಪಾಠ. ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಗುಟುಕ್ಕನೆ ಇಳಿಸಿದರೆ ಊಟ ಐದು ನಿಮಿಷದಲ್ಲಿ ಮುಗಿಯುತ್ತದೆ. ಸ್ಲೀವ್ ಅಥವಾ ಬೈಪಾಸ್ ಆದ ಹೊಟ್ಟೆಗೆ ಇದಕ್ಕಿಂತ ಕೆಟ್ಟ ಅಭ್ಯಾಸ ಇರಲಾರದು. ಜಠರವು ಆಹಾರವನ್ನು ಮಸೆದು ನುಣ್ಣಗೆ ಮಾಡುತ್ತಿದ್ದ ಶಕ್ತಿಯೂ ಜಾಗವೂ ಈಗ ಕಡಿಮೆಯಾಗಿರುವುದರಿಂದ ಆ ಕೆಲಸ ಹಲ್ಲಿನ ಪಾಲಿಗೆ ಬಂದಿದೆ. ಇಡಿಯಾಗಿ ಇಳಿದ ಅಂಟುತುತ್ತು ಕಿರಿದಾದ ದ್ವಾರದಲ್ಲಿ ಸಿಕ್ಕಿಕೊಂಡರೆ ಎದೆಯ ನಡುವೆ ಒತ್ತಿದಂತಹ ನೋವು, ಬಾಯಿತುಂಬ ಜೊಲ್ಲು, ಕೊನೆಗೆ ನೊರೆನೊರೆಯಾದ ವಾಂತಿ. ಮಲೆನಾಡಿನ ಅಕ್ಕಿ ರೊಟ್ಟಿ, ಕಡುಬುಗಳದ್ದೂ ಇದೇ ಗುಣ: ಹಿಟ್ಟು ಒದ್ದೆಯಾದಾಗ ಉಂಡೆ ಕಟ್ಟುತ್ತದೆ. ಬೆಚ್ಚಗಿನ ಅನ್ನ, ಚಪಾತಿ, ಬ್ರೆಡ್ಡುಗಳನ್ನೂ ಕೆಲವರು ತಿಂಗಳುಗಟ್ಟಲೆ ಸಹಿಸಲಾರರು.

ಆದ್ದರಿಂದ ಮೊದಲ ತುತ್ತು ಕಾಳಿನದೋ ಮೊಟ್ಟೆಯದೋ ಮೀನಿನದೋ ಆಗಬೇಕು. ಎರಡನೆಯದು ಬೆಂದ ತರಕಾರಿ, ಸೊಪ್ಪು. ಮುದ್ದೆಯೋ ರೊಟ್ಟಿಯೋ ಕೊನೆಗೆ, ಜಾಗ ಉಳಿದಿದ್ದರೆ ಮಾತ್ರ. ಇದು ನಮ್ಮ ತಟ್ಟೆಯನ್ನು ನಿಜಕ್ಕೂ ತಲೆಕೆಳಗು ಮಾಡುತ್ತದೆ, ಏಕೆಂದರೆ ಇಲ್ಲಿ ಮುದ್ದೆಯೇ ಊಟ, ಉಳಿದದ್ದೆಲ್ಲ ಅದನ್ನು ಇಳಿಸಲು ಇರುವ ನೆಪ. ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿದು, ಇಪ್ಪತ್ತರಿಂದ ಮೂವತ್ತು ನಿಮಿಷಗಳಲ್ಲಿ ಊಟ ಮುಗಿಸಿ, ಹೊಟ್ಟೆ ಭಾರವೆನಿಸಿದ ಕೂಡಲೇ ಕೈತೊಳೆಯಬೇಕು. ‘ಇನ್ನೊಂದು ತುತ್ತು’ ಎಂದು ಒತ್ತಾಯ ಮಾಡಿ ಬಡಿಸುವುದೇ ಉಪಚಾರವೆಂದು ತಿಳಿದಿರುವ ಊರಿನಲ್ಲಿ ಆ ತುತ್ತಿಗೆ ಬೇಡ ಎನ್ನಲು ಮನೆಯವರ ಬೆಂಬಲ ಬೇಕು, ಇದನ್ನು ರೋಗಿಯೊಬ್ಬರ ಮೇಲೆ ಬಿಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಎಂದಿನ ಊಟಕ್ಕೆ ಮರಳಿದ ಮೇಲೂ ನಾರು ಹೆಚ್ಚಿರುವ ಕಳಲೆ, ಹಲಸಿನ ತೊಳೆ, ಕಿತ್ತಳೆಯ ಬಿಳಿಸಿಪ್ಪೆಯ ವಿಷಯದಲ್ಲಿ ಎಚ್ಚರವಿರಲಿ. ಅಗಿಯದೆ ನುಂಗಿದ ನಾರು ಗಂಟಾಗಿ ದಾರಿಯನ್ನು ಕಟ್ಟಬಹುದು.

ನೀರನ್ನು ಊಟದಿಂದ ಬೇರ್ಪಡಿಸಬೇಕು. ಊಟದ ಜೊತೆ ಕುಡಿಯದೆ, ಮುಗಿದ ಮೇಲೆ ಅರ್ಧ ಗಂಟೆ ಬಿಟ್ಟು, ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆಯಾಗದಂತೆ ಗುಟುಕು ಗುಟುಕಾಗಿ ಕುಡಿಯುವುದು ನಿಯಮ. ದ್ರವ ಸೇರಿದರೆ ಗಟ್ಟಿ ಆಹಾರ ಬೇಗ ಜಾರಿಹೋಗಿ ಹೊಟ್ಟೆ ತುಂಬಿದ ಭಾವನೆ ಉಳಿಯುವುದಿಲ್ಲ. ನೀರಾದ ಸಾರಿನಲ್ಲಿ ಅನ್ನ ಕಲಸಿ ಸುರಿದುಕೊಳ್ಳುವುದೂ ಲೆಕ್ಕದಲ್ಲಿ ಊಟದ ಜೊತೆ ನೀರು ಕುಡಿದಂತೆಯೇ, ಆದ್ದರಿಂದ ಸಾರು ಗಟ್ಟಿಯಾಗಿರಬೇಕು. ಸೋಡಾ, ಕೋಲಾಗಳು ಬೇಡವೇ ಬೇಡ.

ಸಿಹಿ ಮತ್ತು ಕಾಫಿ

ಬೈಪಾಸ್ ಆದವರು ಹೋಳಿಗೆಯನ್ನೋ ಪಾಯಸವನ್ನೋ ತಿಂದರೆ ಸಕ್ಕರೆ ಒಮ್ಮೆಲೇ ಸಣ್ಣ ಕರುಳಿಗೆ ನುಗ್ಗಿ, ರಕ್ತದಿಂದ ನೀರನ್ನು ಅಲ್ಲಿಗೆ ಎಳೆಯುತ್ತದೆ. ಹತ್ತರಿಂದ ಮೂವತ್ತು ನಿಮಿಷದೊಳಗೆ ಹೊಟ್ಟೆ ಹಿಂಡುವುದು, ಬೆವರು, ಎದೆಬಡಿತ, ತಲೆಸುತ್ತು, ಭೇದಿ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಇನ್ನೊಂದು ಬಗೆ ಒಂದರಿಂದ ಮೂರು ಗಂಟೆಯ ನಂತರದ್ದು: ಏರಿದ ಸಕ್ಕರೆಗೆ ಉತ್ತರವಾಗಿ ಇನ್ಸುಲಿನ್ ಅತಿಯಾಗಿ ಸ್ರವಿಸಿ ಸಕ್ಕರೆ ತೀರಾ ಕೆಳಗಿಳಿಯುತ್ತದೆ. ಸ್ಲೀವ್ ಆದವರಲ್ಲಿ ಇವು ಕಡಿಮೆ, ಇಲ್ಲವೆಂದೇನಲ್ಲ. ಬೆಲ್ಲ, ಜೇನು ನಿರಪಾಯವೆಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ಕರುಳಿಗೆ ಅವೂ ಸಕ್ಕರೆಯೇ.

ಕಾಫಿಯ ನಾಡಿನಲ್ಲಿ ಕಾಫಿ ಬಿಡಿ ಎಂದು ಹೇಳಿ ಪ್ರಯೋಜನವಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಮೊದಲ ಕೆಲವು ವಾರ ಹೊಲಿಗೆ ಮಾಯುವವರೆಗೆ ನಿಲ್ಲಿಸಿ, ವೈದ್ಯರು ಒಪ್ಪಿದ ಮೇಲೆ ಸಕ್ಕರೆ ಬೆಲ್ಲ ಎರಡೂ ಇಲ್ಲದೆ ಕುಡಿಯಬಹುದು. ಎರಡು ಚಮಚ ಸಕ್ಕರೆಯ ನಾಲ್ಕು ಲೋಟ ಕಾಫಿ ಎಂದರೆ ಸಕ್ಕರೆಯಿಂದಲೇ ಸುಮಾರು 160 ಕ್ಯಾಲೊರಿ, ಅದೂ ಅಗಿಯದೆ ಇಳಿಯುವಂಥದ್ದು. ಇದಕ್ಕಿಂತ ಮುಖ್ಯವಾದದ್ದು ಕಬ್ಬಿಣದ ಮಾತ್ರೆಗೂ ಕಾಫಿಗೂ ಇರುವ ವೈರ. ಕಾಫಿ, ಚಹಾದಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣಕ್ಕೆ ಅಂಟಿಕೊಂಡು ಅದನ್ನು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಬೈಪಾಸ್‌ನಲ್ಲಂತೂ ಕಬ್ಬಿಣವನ್ನು ಹೆಚ್ಚಾಗಿ ಹೀರುವ ಕರುಳಿನ ಮೊದಲ ಭಾಗವೇ ದಾರಿಯಿಂದ ಹೊರಗಿರುತ್ತದೆ. ಬೆಳಗಿನ ಕಾಫಿಯ ಜೊತೆಗೇ ಮಾತ್ರೆ ನುಂಗುವ ಅಭ್ಯಾಸ ಇರುವವರು ಮಾತ್ರೆಯನ್ನು ಕಾಫಿಯಿಂದ ಕನಿಷ್ಠ ಒಂದು ಗಂಟೆ ದೂರವಿಡಬೇಕು. ಕ್ಯಾಲ್ಸಿಯಂ ಮಾತ್ರೆಯಿಂದ ಎರಡು ಗಂಟೆ.

ಮಾತ್ರೆಗಳು ಜೀವನಪರ್ಯಂತ

ತೂಕ ಇಳಿದ ಮೇಲೆ ವಿಟಮಿನ್ ಏಕೆ ಎಂಬುದು ಎರಡನೇ ವರ್ಷದಲ್ಲಿ ಏಳುವ ಪ್ರಶ್ನೆ. ಬಿ12 ಹೀರಿಕೊಳ್ಳಲು ಬೇಕಾದ ಅಂಶವನ್ನು ಸ್ರವಿಸುತ್ತಿದ್ದುದು ಜಠರವೇ. ಸಸ್ಯಾಹಾರಿಗಳಿಗೂ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಾ ಬಂದವರಿಗೂ ಅದು ಮೊದಲೇ ಕಡಿಮೆ ಇರಬಹುದು. ಸಾಮಾನ್ಯ ಶಿಫಾರಸು ದಿನಕ್ಕೆ 350ರಿಂದ 1,000 ಮೈಕ್ರೊಗ್ರಾಂ ಬಿ12, ಇಲ್ಲವೇ ತಿಂಗಳಿಗೊಂದು ಇಂಜೆಕ್ಷನ್. ಕ್ಯಾಲ್ಸಿಯಂ 1,200ರಿಂದ 1,500 ಮಿಲಿಗ್ರಾಂ, ಒಂದು ಸಲಕ್ಕೆ 500–600ರಂತೆ ಹಂಚಿ. ಮುಟ್ಟಾಗುವ ಮಹಿಳೆಯರಿಗೆ ಕಬ್ಬಿಣ 45ರಿಂದ 60 ಮಿಲಿಗ್ರಾಂ. ವಿಟಮಿನ್ ಡಿ ರಕ್ತಪರೀಕ್ಷೆ ನೋಡಿಕೊಂಡು. ಕ್ಯಾಲ್ಸಿಯಂನಲ್ಲಿ ಸಿಟ್ರೇಟ್ ರೂಪ ಮೇಲು, ಅದು ಕರಗಲು ಜಠರದ ಆಮ್ಲವನ್ನು ಅವಲಂಬಿಸುವುದಿಲ್ಲ. ಮೂರು, ಆರು, ಹನ್ನೆರಡನೇ ತಿಂಗಳಲ್ಲಿ, ಬಳಿಕ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಬೇಕು; ರಕ್ತವನ್ನು ಊರಿನ ಪ್ರಯೋಗಾಲಯದಲ್ಲೇ ಕೊಟ್ಟು ಫಲಿತಾಂಶವನ್ನು ಶಸ್ತ್ರವೈದ್ಯರಿಗೆ ಕಳಿಸಿದರೂ ನಡೆಯುತ್ತದೆ.

ಸುಸ್ತಾದರೆ, ವಾಂತಿಯಾದರೆ ಹತ್ತಿರದ ಕ್ಲಿನಿಕ್‌ಗೆ ಹೋಗಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಬರುವುದು ನಮ್ಮಲ್ಲಿ ವಾಡಿಕೆ. ದಿನಗಟ್ಟಲೆ ವಾಂತಿಯಾಗುತ್ತಿರುವ ಬೇರಿಯಾಟ್ರಿಕ್ ರೋಗಿಗೆ ಈ ವಾಡಿಕೆ ಅಪಾಯ ತರಬಲ್ಲದು. ಥಯಮಿನ್, ಅಂದರೆ ವಿಟಮಿನ್ ಬಿ1, ದೇಹದಲ್ಲಿ ಕೂಡಿಡುವಷ್ಟು ಇರುವುದಿಲ್ಲ. ಎರಡು ಮೂರು ವಾರ ಸರಿಯಾಗಿ ಊಟ ಸೇರದಿದ್ದರೆ ಅದು ಬರಿದಾಗುತ್ತದೆ. ಆಗ ಥಯಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ, ಆ ಗ್ಲೂಕೋಸನ್ನು ಬಳಸಿಕೊಳ್ಳಲು ಉಳಿದಿದ್ದ ಅಲ್ಪಸ್ವಲ್ಪವೂ ಖರ್ಚಾಗಿ, ವರ್ನಿಕೆ ಎಂಬ ಮಿದುಳಿನ ತೊಂದರೆ ಎದುರಾಗಬಹುದು: ಕಣ್ಣಿನ ಚಲನೆ ತಪ್ಪುವುದು, ನಡಿಗೆ ತೂರಾಡುವುದು, ಗೊಂದಲ. ಮೊದಲು ಥಯಮಿನ್, ಆಮೇಲೆ ಗ್ಲೂಕೋಸ್. ಶಸ್ತ್ರಚಿಕಿತ್ಸೆಯ ವಿವರವಿರುವ ಡಿಸ್ಚಾರ್ಜ್ ಚೀಟಿಯ ಪ್ರತಿಯೊಂದನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಯಾವ ವೈದ್ಯರ ಬಳಿ ಹೋದರೂ ಮೊದಲು ಅದನ್ನೇ ತೋರಿಸಬೇಕು. ಮಂಡಿನೋವಿಗೆಂದು ಔಷಧಿ ಅಂಗಡಿಯಲ್ಲಿ ಕೇಳಿ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂತಹ ಮಾತ್ರೆಗಳನ್ನು ಬೈಪಾಸ್ ಆದವರು ದೂರವಿಡಬೇಕು. ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು.

ಎಷ್ಟು ಇಳಿಯುತ್ತದೆ, ಎಷ್ಟು ಉಳಿಯುತ್ತದೆ

ತೂಕ ಇಳಿಯುವುದು ಮೊದಲ ಆರು ತಿಂಗಳಲ್ಲಿ ವೇಗವಾಗಿ, ಆಮೇಲೆ ನಿಧಾನವಾಗಿ, ಸುಮಾರು ಒಂದರಿಂದ ಎರಡು ವರ್ಷದೊಳಗೆ ನಿಲ್ಲುತ್ತದೆ. ನಡುವೆ ಒಂದೆರಡು ವಾರ ಮುಳ್ಳು ಅಲುಗಾಡದಿರುವುದು ಸಹಜ. ದಿನವೂ ತೂಗುವುದಕ್ಕಿಂತ ವಾರಕ್ಕೊಮ್ಮೆ ತೂಗುವುದು ಮನಸ್ಸಿಗೆ ಹಿತ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ದೀರ್ಘಕಾಲ ಗಮನಿಸಿದ ಅಧ್ಯಯನದಲ್ಲಿ ಬೈಪಾಸ್ ಆದವರ ತೂಕ ಒಂದೆರಡು ವರ್ಷದಲ್ಲಿ ಸರಾಸರಿ ಶೇಕಡಾ 32ರಷ್ಟು ಇಳಿದು, ಹತ್ತು ವರ್ಷದ ಹೊತ್ತಿಗೆ ಆ ಇಳಿಕೆ ಶೇಕಡಾ 25ಕ್ಕೆ ನಿಂತಿತ್ತು. ಅಂದರೆ ಸ್ವಲ್ಪ ಮರಳಿ ಬರುತ್ತದೆ, ಬಹುಪಾಲು ಬರುವುದಿಲ್ಲ. ಮರಳಿ ತರುವುದರಲ್ಲಿ ಮುದ್ದೆಯ ಪಾಲಿಗಿಂತ ಸಂಜೆಯ ಚಕ್ಕುಲಿ, ಮಿಕ್ಸ್ಚರ್, ಬಿಸ್ಕತ್ತಿನ ಪಾಲು ದೊಡ್ಡದು: ಅವು ಬಾಯಲ್ಲೇ ಪುಡಿಯಾಗಿ ಹೊಟ್ಟೆಯಲ್ಲಿ ನಿಲ್ಲದೆ ಜಾರುವುದರಿಂದ ಎಷ್ಟು ತಿಂದರೂ ತುಂಬಿದಂತೆನಿಸುವುದಿಲ್ಲ. ಮದ್ಯವೂ ಹಾಗೆಯೇ, ಜೊತೆಗೆ ಬೈಪಾಸ್ ನಂತರ ಅದು ಬಹು ಬೇಗ ರಕ್ತಕ್ಕೇರುತ್ತದೆ, ಚಟವಾಗುವ ಸಾಧ್ಯತೆ ಎರಡನೇ ವರ್ಷದಿಂದ ಹೆಚ್ಚುತ್ತದೆ. ಪಾರ್ಟಿಯಲ್ಲಿ ಹಿಂದಿನ ಲೆಕ್ಕದಲ್ಲೇ ಕುಡಿದು ಘಾಟಿ ರಸ್ತೆಯಲ್ಲಿ ಗಾಡಿ ಓಡಿಸುವುದರ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಡಿಗೆಯನ್ನು ಆಸ್ಪತ್ರೆಯಲ್ಲಿ ಇರುವಾಗಲೇ ಆರಂಭಿಸುತ್ತಾರೆ. ತೋಟದ ಕೆಲಸದವರು ಕಾಫಿ ಮೂಟೆ ಎತ್ತುವುದನ್ನು ಮಾತ್ರ ಸುಮಾರು ಆರು ವಾರ ಮುಂದೂಡಬೇಕು.

ಗರ್ಭ ಧರಿಸುವ ವಯಸ್ಸಿನ ಮಹಿಳೆಯರಿಗೆ ಸಂಬಂಧಿಸಿದ ವಿಷಯವೊಂದಿದೆ, ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಬೊಜ್ಜಿನಿಂದ ಮುಟ್ಟು ಏರುಪೇರಾಗಿದ್ದವರಿಗೆ ತೂಕ ಇಳಿದಂತೆ ಅದು ಸರಿಹೋಗಿ, ಬೇಗ ಗರ್ಭ ನಿಲ್ಲಬಹುದು. ಆದರೆ ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳು ಗರ್ಭ ಬೇಡವೆಂಬುದು ಸಾಮಾನ್ಯ ಸಲಹೆ, ಆ ಅವಧಿಯಲ್ಲಿ ತಾಯಿಯ ದೇಹವೇ ಕರಗುತ್ತಿರುತ್ತದೆ. ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಗುಳಿಗೆ ಸರಿಯಾಗಿ ಹೀರಲ್ಪಡದಿರಬಹುದಾದ್ದರಿಂದ ಬೇರೆ ವಿಧಾನವನ್ನು ಸ್ತ್ರೀರೋಗ ತಜ್ಞರೊಂದಿಗೆ ಮೊದಲೇ ನಿರ್ಧರಿಸಿಕೊಳ್ಳಬೇಕು. ಮುಂದೆ ಗರ್ಭಿಣಿಯಾದಾಗ ಎಲ್ಲರಿಗೂ ಮಾಡುವಂತೆ ಗ್ಲೂಕೋಸ್ ನೀರು ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ ಇವರಿಗೆ ತೀವ್ರ ಡಂಪಿಂಗ್ ತರಬಹುದು. ಅದರ ಬದಲು ಸುಮಾರು ಒಂದು ವಾರ ಮನೆಯಲ್ಲೇ ಗ್ಲೂಕೋಮೀಟರಿನಿಂದ ಊಟದ ಮುಂಚೆ ಮತ್ತು ನಂತರದ ಸಕ್ಕರೆಯನ್ನು ಬರೆದಿಟ್ಟು ವೈದ್ಯರಿಗೆ ತೋರಿಸುವ ವಿಧಾನವಿದೆ, ತಪಾಸಣೆಗೆ ಹೋದಾಗ ಅದನ್ನೇ ಕೇಳಿ ಪಡೆಯಬಹುದು.